ದೊಡ್ಡಪ್ಪನ ಎಡಗಡೆ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ದೊಡ್ಡಪ್ಪನ ಮೊದಲ ತಕರಾರು ಊಟದ್ದು. "ಉಪ್ಪಿನಕಾಯಿ ಯಾಕೆ ಬಡಿಸಿಲ್ಲ?" ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲಾ ಇತ್ತು. ಬಲಗಡೆಯ ಪಲ್ಯ ಖಾಲಿ. ಅನ್ನವೂ ಬಲಗಡೆಯ ಅರ್ಧ ಮಾತ್ರ ಮುಗಿದಿತ್ತು. ದೊಡ್ಡಮ್ಮ ಸುಮ್ನೆ ಎಲೆ ತಿರುಗಿಸಿಟ್ಟರು. "ಈಗ ಬಡಿಸಿದ್ಯಾ?" ಅಂತ ಉಳಿದದ್ದನ್ನೂ ಉಂಡರು.

ಮನೆಯಲ್ಲಿ ಆಗಲೇ ಕಣ್ಣಿನ ಡಾಕ್ಟರ ಮಾತು ಶುರುವಾಗಿತ್ತು. ಆದರೆ ನರರೋಗದ ಡಾಕ್ಟರ ಪರೀಕ್ಷೆಗೆ ಯಂತ್ರವೂ ಬೇಕಾಗಲಿಲ್ಲ. ಎದುರು ಕೂತು ಎರಡೂ ಕೈ ಚಾಚಿ, ದೊಡ್ಡಪ್ಪನ ಎಡಗಡೆಯ ಬೆರಳನ್ನಷ್ಟೇ ಅಲ್ಲಾಡಿಸಿದರು. "ಕಾಣ್ತು." ಬಲಗಡೆಯದನ್ನಷ್ಟೇ. "ಕಾಣ್ತು." ಎರಡನ್ನೂ ಒಟ್ಟಿಗೆ. "ಬಲಗಡೆ ಮಾತ್ರ."

ನನಗೆ ಮೈ ಜುಮ್ಮೆಂದಿತು. ಕಣ್ಣಿಗೆ ಎಡಗಡೆ ಕಾಣುತ್ತದೆ, ಆದರೆ ಬಲಗಡೆ ಪೈಪೋಟಿಗೆ ಬಂದರೆ ಮಿದುಳು ಅದನ್ನು ಕೈಬಿಡುತ್ತದೆ! ಡಾಕ್ಟರ್ ಇದನ್ನು ನೆಗ್ಲೆಕ್ಟ್ ಅಂದರು. ಮಿದುಳಿನ ಎಡಭಾಗ ಹೆಚ್ಚಾಗಿ ಬಲಗಡೆಯನ್ನೇ ಗಮನಿಸುತ್ತದಂತೆ. ಬಲಭಾಗ ಎರಡೂ ಕಡೆ ನೋಡಿಕೊಳ್ಳುತ್ತದೆ. ಹಾಗಾಗಿ ಎಡಭಾಗಕ್ಕೆ ಪೆಟ್ಟಾದರೆ ಬಲಭಾಗ ಸುಧಾರಿಸಿಕೊಂಡು ಹೋಗುತ್ತದೆ. ಬಲಭಾಗಕ್ಕೇ ಪೆಟ್ಟಾದರೆ ಎಡಗಡೆಗೆ ದಿಕ್ಕಿಲ್ಲ. ದೊಡ್ಡಪ್ಪನಿಗೆ ಆಗಿದ್ದು ಇದೇ. ಕಣ್ಣಿನ ಅರ್ಧ ನೋಟ ಹೋದವರಿಗೆ ಸಾಮಾನ್ಯವಾಗಿ ಕೊರತೆ ಗೊತ್ತಾಗುತ್ತದೆ, ತಲೆ ತಿರುಗಿಸಿ ಹುಡುಕುತ್ತಾರೆ. ಇವರು ಹುಡುಕುವುದೇ ಇಲ್ಲ. ಏನೋ ಇಲ್ಲ ಅನ್ನಿಸಿದರೆ ತಾನೇ ಹುಡುಕುವುದು?

ಆಮೇಲೆ ಓದುತ್ತಾ ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟ್ಟಿ 1978ರಲ್ಲಿ ಪ್ರಕಟಿಸಿದ ಪ್ರಯೋಗ ಸಿಕ್ಕಿತು. ಇಂಥದೇ ರೋಗಿಗಳಿಗೆ, ಮಿಲಾನ್‌ನ ದೊಡ್ಡ ಚರ್ಚಿನ ಚೌಕದಲ್ಲಿ ಚರ್ಚಿಗೆ ಮುಖ ಮಾಡಿ ನಿಂತ ಹಾಗೆ ಕಲ್ಪಿಸಿಕೊಂಡು ಸುತ್ತಲಿನದನ್ನು ಹೇಳಿ ಎಂದರು. ಬಲಗಡೆಯ ಕಟ್ಟಡಗಳೇ ಜಾಸ್ತಿ ಬಂದವು. ಈಗ ಚರ್ಚಿನ ಬಾಗಿಲಲ್ಲಿ ನಿಂತು ಚೌಕದ ಕಡೆ ನೋಡಿ ಎಂದಾಗ, ಮೊದಲು ಬಿಟ್ಟ ಕಟ್ಟಡಗಳೇ ಬಂದವು! ಕಣ್ಣಿನ ಕೆಲಸವೇ ಇಲ್ಲದ ಕಡೆಯೂ ಎಡಗಡೆ ಮಾಯ.

ನಾನು ಬಿಡಲಿಲ್ಲ. ನಮ್ಮೂರ ರಥಬೀದಿಯನ್ನು ದೇವಸ್ಥಾನದ ಬಾಗಿಲಿಂದ ಹೇಳಿ ದೊಡ್ಡಪ್ಪ ಅಂದೆ. ಎರಡೂ ಸಾಲಿನ ಮನೆಗಳನ್ನು, ಯಾರು ಯಾರಿಗೆ ಸಾಲ ತೀರಿಸಬೇಕು ಅನ್ನುವುದರ ಸಮೇತ ಒಪ್ಪಿಸಿದರು. ನೆನಪಿನ ಚಿತ್ರವೂ ಎಲ್ಲರಿಗೂ ಅರ್ಧವಾಗುವುದಿಲ್ಲವಂತೆ.

ಈಗ ಪೇಪರಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸುತ್ತೇವೆ. ಅದು ಸಿಗುವ ತನಕ ಕಣ್ಣು ಎಡಕ್ಕೆ ಹೋಗಬೇಕು, ಆಮೇಲೆ ಓದು. ಸಾಲಿನ ಮೊದಲ ಪದಗಳು ತಪ್ಪುವುದು ಕಡಿಮೆಯಾಗಿದೆ. ಶೇವಿಂಗ್ ಮಾತ್ರ ಬಲಕೆನ್ನೆಗೇ ಮುಗಿಯುತ್ತದೆ. ಎಡಕೆನ್ನೆ ದೊಡ್ಡಮ್ಮನ ಪಾಲು. "ಪೂರ್ತಿ ಆಗಿದೆ ಬಿಡೇ" ಅಂತ ಇವರು, "ಆಗಿಲ್ಲ" ಅಂತ ಅವರು, ದಿನಾ ಜಗಳ.