ಹಲ್ಲು ಸವೆದ ಫ್ರೀವೀಲ್

ಹೊಸ ಚೈನು ಹಾಕಿಸಿದ ಮೇಲೂ ಇ-ಸೈಕಲ್ಲು ಏರು ಬಂದರೆ ಸಾಕು, ಕಟಕ್ಕಂತ ಜಾರುತ್ತೆ. ಮೆಲ್ಲಗೆ ತುಳಿದರೆ ತೆಪ್ಪಗಿರುತ್ತೆ, ಒತ್ತಿ ತುಳಿದರೆ ಶುರು. ಅದೂ ಹಿಂದಿನ ಅತಿ ಚಿಕ್ಕ ಹಲ್ಲುಚಕ್ರದಲ್ಲಿ ಮಾತ್ರ. (ಮೋಟಾರಿದೆಯಲ್ಲ ಅಂತ ಗೇರು ಬದಲಿಸದೆ ಅದರಲ್ಲೇ ದಿಬ್ಬ ಹತ್ತೋರು ನಾವು!) ಗೇರ್ ವೈರು ಸರಿಯಿದೆ, ಬಿಗಿದುಕೊಂಡ ಕೊಂಡಿಯೂ ಇಲ್ಲ.

ಸೈಕಲ್ ಶಾಪಿನ ಅಜ್ಜ ನೋಡಿದ್ದೇ, "ಹಲ್ಲು ಸವ್ದೋಗವೆ ಸಾ, ಹೊಸ ಚೈನು ಎಲ್ಲಿ ಕೂತ್ಕತದೆ?" ಅಂದರು. ಹಳೇ ಚೈನು ಸವೆದು ಉದ್ದವಾದ ಹಾಗೆಲ್ಲ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆಯುತ್ತವೆ. 12 ಇಂಚಿಗೆ 1/16 ಇಂಚು ಹೆಚ್ಚಾದಾಗಲೇ ಚೈನು ಬದಲಿಸಿದರೆ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಉಳಿಯುತ್ತೆ. 1/8 ಮುಟ್ಟಿದರೆ ಎರಡೂ ಹೋದಂಗೆ. ನನ್ನದು ಹಬ್ ಮೋಟಾರು, ಅಂದರೆ ಚಕ್ರದ ನಡುವೆಯೇ ಕೂತಿರೋದು, ಚೈನಿಗೆ ಬೀಳೋದು ಕಾಲಿನ ಬಲ ಅಷ್ಟೇ. ಪೆಡಲ್ ಹತ್ತಿರ ಮೋಟಾರಿರೋ ಸೈಕಲ್ಲುಗಳಲ್ಲಿ ಮೋಟಾರಿನ ಜಗ್ಗಾಟವೂ ಅದರ ಮೇಲೇ. ಪಾಪ.

ಲಿಥಿಯಂ ಬ್ಯಾಟರಿ, ಡಿಸ್‌ಪ್ಲೇ, ಸೆನ್ಸರು ಏನೆಲ್ಲ ಇದ್ದರೂ ಕೆಳಗೆ ತಿರುಗೋದು 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ರೋಲರ್ ಚೈನಿನ ವಂಶವೇ. ಅದಕ್ಕೆ ಆ್ಯಪ್ ಅಪ್‌ಡೇಟ್ ಇಲ್ಲ, ಎಣ್ಣೆ ಬೇಕು.

ನಾಳೆ ಫ್ರೀವೀಲ್ ಬದಲಿ. ಬಿಚ್ಚೋ ಟೂಲು ಅಜ್ಜನ ಹತ್ತಿರವೇ ಇದೆಯಂತೆ.