ದರ ಬಂದ ವರ್ಷ ಓದಿದ ಲೂಕನ ಹನ್ನೆರಡನೇ ಅಧ್ಯಾಯ

ಕಾಫಿಗೆ ಎಂದೂ ಕಾಣದ ದರ ಬಂದ ವರ್ಷ ನಾನು ಬೈಬಲಿನ ಲೂಕನ ಶುಭಸಂದೇಶದ 12ನೇ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಬರುವ ಶ್ರೀಮಂತ ರೈತನ ಕಥೆ ತುಂಬ ಜನರಿಗೆ ಗೊತ್ತು. ಅವನ ಹೊಲ ಚೆನ್ನಾಗಿ ಬೆಳೆಯಿತು. ತುಂಬಿಡಲು ಜಾಗ ಸಾಲಲಿಲ್ಲ. ಇರುವ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ, ಆಮೇಲೆ ತಿಂದು ಕುಡಿದು ಆರಾಮವಾಗಿರುತ್ತೇನೆ ಅಂದುಕೊಂಡ. ಆ ರಾತ್ರಿಯೇ ಅವನ ಪ್ರಾಣ ಹೋಗುತ್ತದೆ ಎಂದು ದೇವರು ಹೇಳುತ್ತಾರೆ. ಚಿಕ್ಕವಳಿದ್ದಾಗಿನಿಂದ ಚರ್ಚಿನ ಪೂಜೆಯಲ್ಲಿ ಈ ಕಥೆ ಕೇಳಿದ್ದೇನೆ. ಆದರೆ ಗೋಡೌನ್ ತುಂಬ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜ) ಚೀಲ ಇಟ್ಟುಕೊಂಡು ಕೇಳುವುದೇ ಬೇರೆ.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ ಸಣ್ಣ ತೋಟ. ಅರೇಬಿಕಾ ಜಾಸ್ತಿ, ರೊಬಸ್ಟಾ ಸ್ವಲ್ಪ, ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಮನೆಯಲ್ಲಿ ಕೊಂಕಣಿ ಮಾತಾಡುತ್ತೇವೆ, ಪ್ರಾರ್ಥನೆ ಮಾತ್ರ ನನಗೆ ಕನ್ನಡದಲ್ಲೇ ಬರುತ್ತದೆ. ಚರ್ಚಿನಲ್ಲಿ ಕಲಿತದ್ದು ಹಾಗೆ. ತೋಟದ ಕೆಲಸ ಯಜಮಾನರದು, ಲೆಕ್ಕ ಬರೆಯುವುದು ನನ್ನದು. ಹಾಗಾಗಿ ಕೆಟ್ಟ ವರ್ಷ, ಒಳ್ಳೆಯ ವರ್ಷ ಎರಡೂ ನನ್ನ ಕೈಬರಹದಲ್ಲೇ ಇವೆ.

ಕೆಟ್ಟ ವರ್ಷ ಅಂದರೆ 2001-02. ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಬಂದು ಪ್ರಪಂಚದ ಮಾರುಕಟ್ಟೆಯಲ್ಲಿ ಕಾಫಿ ನೆಲ ಕಚ್ಚಿತು. ಕೊಯ್ಲಿನ ಕೂಲಿಗೂ ಸಾಲದ ದರ. ಎಷ್ಟೋ ಮನೆಗಳಲ್ಲಿ ಒಡವೆ ಬ್ಯಾಂಕಿಗೆ ಹೋಯಿತು, ನಮ್ಮ ಮನೆಯಲ್ಲೂ. ಒಳ್ಳೆಯ ವರ್ಷ ಅಂದರೆ 2025. ಬ್ರೆಜಿಲ್‌ನಲ್ಲಿ ಬರ, ವಿಯೆಟ್ನಾಂನಲ್ಲಿ ಬರ. ಆ ವರ್ಷದ ಆರಂಭದಲ್ಲಿ 50 ಕೆಜಿಯ ಒಂದು ಚೀಲ ಅರೇಬಿಕಾ ಪಾರ್ಚ್‌ಮೆಂಟ್ 20,000 ರೂಪಾಯಿ ದಾಟಿತು.

ಯಾರದೋ ಸಮೃದ್ಧಿ ಒಮ್ಮೆ ನಮಗೆ ಕಷ್ಟವಾಯಿತು, ಯಾರದೋ ಬರ ಇನ್ನೊಮ್ಮೆ ನಮಗೆ ದುಡ್ಡಾಯಿತು. ಇದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. ಬ್ರೆಜಿಲ್‌ನ ಯಾವುದೋ ಗುಡ್ಡದಲ್ಲಿ ನನ್ನಂಥ ಒಬ್ಬಳು ಒಣಗಿದ ಗಿಡ ನೋಡಿಕೊಂಡು ನಿಂತಿದ್ದಿರಬೇಕು ಅಲ್ವಾ? ಅವಳಿಗೋಸ್ಕರ ನಾನು ಜಪಸರ ಹೇಳಿದ್ದುಂಟು.

ದರ ಬಂದ ಮೇಲೆ ಊರಿನ ಮಾತೇ ಬದಲಾಯಿತು. ಎದುರಿಗೆ ಸಿಕ್ಕವರು ಮೊದಲು ಕೇಳುವುದು, ಇವತ್ತು ಎಷ್ಟಾಯ್ತು? ಮಾರಿದವರಿಗೆ ಇನ್ನೆರಡು ದಿನ ತಡೆಯಬೇಕಿತ್ತು ಅಂತ ಸಂಕಟ. ಇಟ್ಟುಕೊಂಡವರಿಗೆ ನಾಳೆ ಇಳಿದರೆ ಏನು ಅಂತ ಭಯ. ಕಣದಲ್ಲಿ ಒಣಗಲು ಹಾಕಿದ ಕಾಫಿ ಕದಿಯುವವರೂ ಜಾಸ್ತಿಯಾದರು. ತೋಟಗಳಿಗೆ ಸಿಸಿ ಕ್ಯಾಮೆರಾ ಬಂತು, ಗಂಡಸರು ರಾತ್ರಿ ಕಣದಲ್ಲೇ ಕಾವಲು ಮಲಗಿದರು. ನಮ್ಮ ಯಜಮಾನರೂ ಕಂಬಳಿ ಹೊದ್ದು ಅಲ್ಲೇ ಇರುತ್ತಿದ್ದರು. ನಾನು ಒಳಗೆ ಮಲಗಿ ನಾಯಿ ಬೊಗಳಿದಾಗಲೆಲ್ಲ ಎದ್ದು ಕೂರುತ್ತಿದ್ದೆ. 2001ರಲ್ಲಿ ನಮಗೆ ನಿದ್ದೆ ಬರುತ್ತಿತ್ತು. ಆಗ ಕದಿಯಲು ಏನೂ ಇರಲಿಲ್ಲ.

ಭೂಮಿಯ ಮೇಲೆ ಆಸ್ತಿ ಕೂಡಿಟ್ಟರೆ ನುಸಿ ತಿನ್ನುತ್ತದೆ, ತುಕ್ಕು ಹಿಡಿಯುತ್ತದೆ, ಕಳ್ಳರು ಕನ್ನ ಹಾಕುತ್ತಾರೆ ಎಂದು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾರ್ಚ್‌ಮೆಂಟನ್ನು ಮಳೆಗಾಲಕ್ಕೆ ಇಟ್ಟುಕೊಂಡರೆ ತೇವ ಹೀರುತ್ತದೆ, ಬಣ್ಣ ಕೆಡುತ್ತದೆ, ಬೂಷ್ಟು ಬರುತ್ತದೆ, ಹುಳ ಬೀಳುತ್ತದೆ. ಕಳ್ಳರ ವಿಷಯ ಆಗಲೇ ಹೇಳಿದೆ. ಯೇಸು ಮಾತಾಡಿದ್ದು ಹೊಲ, ಕಣಜ, ಕೂಲಿ, ಸಾಲ ಗೊತ್ತಿದ್ದ ಜನರ ಹತ್ತಿರ. ಆ ಮಾತು ತೋಟದವರ ಕಿವಿಗೆ ಬೇಗ ಬೀಳಬೇಕು.

ಮತ್ತೆ ಲೂಕನಿಗೆ ಬರುತ್ತೇನೆ. ಆ ಕಥೆ ಯಾಕೆ ಶುರುವಾಯಿತು ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುಂಪಿನಲ್ಲಿದ್ದ ಒಬ್ಬ ಯೇಸುವಿನ ಹತ್ತಿರ ಬಂದು, ಆಸ್ತಿಯಲ್ಲಿ ನನಗೆ ಪಾಲು ಕೊಡಲು ನನ್ನ ಅಣ್ಣನಿಗೆ ಹೇಳಿ ಎನ್ನುತ್ತಾನೆ. ಪಾಲಿನ ಪಂಚಾಯಿತಿ! ಮಲೆನಾಡಿನಲ್ಲಿ ಇದು ಇಲ್ಲದ ಮನೆ ಯಾವುದು? ದರ ಏರಿದ ವರ್ಷ ನಮ್ಮ ಸುತ್ತಮುತ್ತ ಹಳೆಯ ಪಾಲಿನ ಜಗಳಗಳೆಲ್ಲ ಎದ್ದು ಕೂತವು. ಬೇಡ ಅಂತ ಬಿಟ್ಟಿದ್ದ ಮೂಲೆ ತುಂಡಿಗೂ ಅಣ್ಣ ತಮ್ಮಂದಿರು ಸರ್ವೆಯವರನ್ನು ಕರೆಸಿದರು. ಯೇಸು ಪಂಚಾಯಿತಿ ಮಾಡಲು ಒಪ್ಪುವುದಿಲ್ಲ. ನಿಮ್ಮ ಪಾಲು ಹಂಚುವವನನ್ನಾಗಿ ನನ್ನನ್ನು ಯಾರು ನೇಮಿಸಿದರು ಅಂತ ಕೇಳಿ, ಆಮೇಲೆ ಈ ಕಥೆ ಹೇಳುತ್ತಾರೆ.

ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಅದರಲ್ಲಿ ಆ ರೈತನನ್ನು ಬಿಟ್ಟರೆ ಇನ್ನೊಬ್ಬ ಮನುಷ್ಯನೇ ಇಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಕ್ಕಪಕ್ಕದವರಿಲ್ಲ. ಅಷ್ಟು ಬೆಳೆಯನ್ನು ಕೊಯ್ದವರು ಯಾರು? ಹೊತ್ತವರು ಯಾರು? ಒಬ್ಬರೂ ಇಲ್ಲ. ಅವನು ಯೋಚನೆ ಮಾಡುವುದು ತನ್ನೊಬ್ಬನ ಜೊತೆ, ಮಾತಾಡುವುದು ತನ್ನ ಪ್ರಾಣದ ಜೊತೆ. ಅವನು ಕಳ್ಳನಲ್ಲ, ಮೋಸ ಮಾಡಿಲ್ಲ, ಕೂಲಿ ಹಿಡಿದಿಟ್ಟ ಅಂತಲೂ ಹೇಳಿಲ್ಲ. ನಮ್ಮ ಲೆಕ್ಕದಲ್ಲಿ ಜಾಣ ಬೆಳೆಗಾರ. ಆದರೂ ದೇವರು ಅವನನ್ನು ಬುದ್ಧಿಯಿಲ್ಲದವನೇ ಎಂದು ಕರೆಯುತ್ತಾರೆ. ಹಣ ಇದ್ದದ್ದಕ್ಕಲ್ಲ. ಅಷ್ಟೊಂದು ಇದ್ದೂ ಅವನ ಮನೆಯಲ್ಲಿ ಬೇರೆ ಯಾರಿಗೂ ಜಾಗ ಇರಲಿಲ್ಲ, ಅದಕ್ಕೆ. ನನಗೆ ಹಾಗೆ ಅನ್ನಿಸುತ್ತದೆ.

ನಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ. ಬಡವರ ಮನೆಗೆ ಹೋಗಿ ಕೈಲಾದ ಸಹಾಯ ಮಾಡುವ ಗುಂಪು. ಇದನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದವರು ಫ್ರೆಡರಿಕ್ ಓಝನಾಮ್ ಮತ್ತು ಅವರ ಗೆಳೆಯರು. ಆಗ ಓಝನಾಮ್‌ಗೆ 20 ವರ್ಷ, ಇನ್ನೂ ಓದುತ್ತಿದ್ದ ಹುಡುಗ. ನಿಮ್ಮ ಧರ್ಮಸಭೆ ಹಿಂದೆ ದೊಡ್ಡ ಕೆಲಸ ಮಾಡಿರಬಹುದು, ಈಗ ಬಡವರಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ಚರ್ಚೆಯಲ್ಲಿ ಯಾರೋ ಕೇಳಿದರಂತೆ. ಬಡವರ ಮನೆಗಳ ದಾರಿ ತೋರಿಸಿದ್ದು ರೊಸಾಲಿ ರೆಂದು ಎಂಬ ಸಿಸ್ಟರ್. ಓಝನಾಮ್ ಆಮೇಲೆ ಪ್ರೊಫೆಸರ್ ಆದರು, ಮದುವೆಯಾದರು, ಒಬ್ಬ ಮಗಳಿದ್ದಳು, 40ನೇ ವಯಸ್ಸಿಗೆ ತೀರಿಕೊಂಡರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುಣ್ಯವಂತರೆಂದು (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಘೋಷಿಸಿದರು. ಸಂಸಾರಸ್ಥರಾಗಿದ್ದೂ ದೇವರ ಹತ್ತಿರ ಹೋಗಬಹುದು ಎಂಬುದಕ್ಕೆ ನನಗೆ ಇವರೇ ಆಸರೆ. ಎಲ್ಲ ಬಿಟ್ಟು ಹೊರಟ ಸಂತರ ಮೇಲೆ ಗೌರವ ಇದೆ. ಆದರೆ ನಮಗೆ ತೋಟ ಇದೆ, ಅತ್ತೆಯವರ ಔಷಧಿ ಇದೆ, ಮಗಳ ಕಾಲೇಜಿದೆ.

ನಮ್ಮ ಗುಂಪು ಸೇರಿದಾಗ, ಮುಗಿಯುವ ಮುಂಚೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಕಟ್ಟಿದ ಕೈ ಒಳಗೆ ಹೋಗಿ ಹೊರಗೆ ಬರುತ್ತದೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ವಾರ ಏನೂ ಇಲ್ಲದವರು ಸುಮ್ನೆ ಕೈ ಹಾಕಿ ತೆಗೆಯಬಹುದು. ಈ ಪದ್ಧತಿ ನನಗೆ ತುಂಬ ಇಷ್ಟ. ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಚೀಲ ಕಾಫಿ ಆಯಿತು, ಎಷ್ಟಕ್ಕೆ ಹೋಯಿತು ಅಂತ ಎಲ್ಲರ ಬಾಯಲ್ಲೂ ಇರುತ್ತದೆ. ಈ ಒಂದು ಚೀಲದ ಲೆಕ್ಕ ಮಾತ್ರ ದೇವರಿಗೆ ಬಿಟ್ಟದ್ದು.

ನಾವು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತೇವೆ. ಹೀಗೆ ಹೋಗುವ ಒಂದು ಲೈನ್ ಮನೆಯಲ್ಲಿ (ಎಸ್ಟೇಟ್ ಕೆಲಸದವರ ಸಾಲು ಮನೆ) ಒಬ್ಬ ಅಜ್ಜಿ ಇದ್ದಾರೆ. ಜೀವಮಾನವೆಲ್ಲ ಎಸ್ಟೇಟಿನಲ್ಲಿ ಹಣ್ಣು ಕೊಯ್ದವರು, ಈಗ ಮಂಡಿ ನೋವು. ನಮ್ಮ ಧರ್ಮದವರಲ್ಲ. ಸಿಟ್ಟೂ ಸ್ವಲ್ಪ ಜಾಸ್ತಿ. ಅಕ್ಕಿ ದಪ್ಪ ಇದೆ ಅಂತ ಬೈಯುತ್ತಾರೆ, ಪಿಂಚಣಿ ತಡವಾಯಿತು ಅಂತ ನಮ್ಮ ಮೇಲೆ ರೇಗುತ್ತಾರೆ. ಆದರೆ ಬೆಲ್ಲದ ಕಪ್ಪು ಕಾಫಿ ಕೊಡದೆ ಕಳಿಸುವುದಿಲ್ಲ. ದರ ಬಂದ ಆ ವರ್ಷ ನಾವು ಹೋದಾಗ ಲೋಟ ಕೈಗಿಟ್ಟು ಕೇಳಿದರು: "ಯಜಮಾನ್ರು ರಾತ್ರಿಯೆಲ್ಲ ಕಣದಲ್ಲೇ ಇರ್ತಾರಂತೆ? ಚಳಿ ಅಲ್ವಾ ಅಮ್ಮಾ, ಆರೋಗ್ಯ ನೋಡ್ಕೊಳ್ಳೋಕೆ ಹೇಳಿ. ನಾನೂ ದೇವ್ರಿಗೆ ಹೇಳ್ತೀನಿ, ನೀವೂ ನಿಮ್ಮ ಯೇಸಪ್ಪನಿಗೆ ಹೇಳಿ."

ಆ ವರ್ಷ ಎಷ್ಟೋ ಜನ ನಮ್ಮ ಕಾಫಿಯ ಬಗ್ಗೆ ಕೇಳಿದ್ದರು. ಯಜಮಾನರಿಗೆ ಚಳಿಯಾಗುತ್ತದಾ ಅಂತ ಕೇಳಿದ್ದು ಇವರು. ಕಥೆಯ ಆ ರೈತನನ್ನು ಹೀಗೆ ಕೇಳುವವರು ಇರಲಿಲ್ಲ. ನನಗೆ ಅಲ್ಲೇ ಕಣ್ಣು ತುಂಬಿತು. ನಾನು ಅಕ್ಕಿ, ಬೇಳೆ, ಕಂಬಳಿ ತೆಗೆದುಕೊಂಡು ಹೋಗಿದ್ದೆ. ಅವರು ನನ್ನ ಮನೆಯವರನ್ನೇ ಪ್ರಾರ್ಥನೆಗೆ ಸೇರಿಸಿಕೊಂಡರು.

ಇದನ್ನು ಓದಿ ಬಡತನವೇ ಒಳ್ಳೆಯದು ಅಂತ ಯಾರೂ ಅಂದುಕೊಳ್ಳಬೇಡಿ. ಬಡತನದಲ್ಲಿ ಪುಣ್ಯ ಇದೆ ಎನ್ನುವವರು ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಒಂದು ವಾರ ಇರಲಿ. ಹಣ ಬೇಕು. ಡಯಾಲಿಸಿಸ್‌ಗೆ ಬೇಕು, ಮಕ್ಕಳ ಫೀಸಿಗೆ ಬೇಕು. ಜ್ಞಾನೋಕ್ತಿಗಳು 30ನೇ ಅಧ್ಯಾಯದಲ್ಲಿ ಆಗೂರ ಎಂಬುವನ ಒಂದು ಪ್ರಾರ್ಥನೆ ಇದೆ. ನನಗೆ ಬಡತನವೂ ಬೇಡ, ಸಿರಿತನವೂ ಬೇಡ, ಬೇಕಾದಷ್ಟು ಊಟ ಕೊಡು. ಹೊಟ್ಟೆ ತುಂಬಿದರೆ ನಿನ್ನನ್ನು ಮರೆತೇನು, ಬಡವನಾದರೆ ಕದ್ದೇನು. ಎರಡರ ಅಪಾಯವನ್ನೂ ಅವನು ನೋಡಿದ್ದಾನೆ. ಸಂತ ಪೌಲರು ಸೆರೆಮನೆಯಲ್ಲಿದ್ದುಕೊಂಡು ಫಿಲಿಪ್ಪಿಯದವರಿಗೆ ಬರೆದ ಪತ್ರದಲ್ಲೂ ಹೀಗೇ ಒಂದು ಮಾತಿದೆ: ಕೊರತೆಯಲ್ಲಿ ಬಾಳುವುದನ್ನೂ ಕಲಿತಿದ್ದೇನೆ, ಸಮೃದ್ಧಿಯಲ್ಲಿ ಬಾಳುವುದನ್ನೂ ಕಲಿತಿದ್ದೇನೆ. ಕೊರತೆಯನ್ನು ಜೀವನವೇ ಕಲಿಸಿಬಿಡುತ್ತದೆ. ಸಮೃದ್ಧಿಯನ್ನೂ ಕೂತು ಕಲಿಯಬೇಕು ಎಂದು ನನಗೆ ತಿಳಿದದ್ದು 2025ರಲ್ಲಿ.

ಎಲ್ಲಿ ಕಲಿಯುವುದು? ನನಗೆ ಪೂಜೆಯಲ್ಲಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಳ್ಳುವ ಸಾಲಿನಲ್ಲಿ ದೊಡ್ಡ ಎಸ್ಟೇಟಿನವರು ಇರುತ್ತಾರೆ, ಅವರ ಜೀಪು ಓಡಿಸುವವರು ಇರುತ್ತಾರೆ, ಹಣ್ಣು ಕೊಯ್ಯುವವರು ಇರುತ್ತಾರೆ. ಕೊಯ್ಲಿನ ಕಾಲದಲ್ಲಿ ಎಲ್ಲರ ಬೆರಳೂ ಕಪ್ಪಾಗಿರುತ್ತದೆ, ಸೋಪಿಗೂ ಹೋಗುವುದಿಲ್ಲ. ಆ ಅಂಗೈಗಳಲ್ಲಿ ಫಾದರ್ ಇಡುವ ಪ್ರಸಾದ ಎಲ್ಲರಿಗೂ ಒಂದೇ ಅಳತೆ. ನಾಳೆಗೆ ಎರಡು ಇಟ್ಟುಕೊಳ್ಳುತ್ತೇನೆ ಅನ್ನುವ ಹಾಗಿಲ್ಲ. ತೆಗೆದುಕೊಂಡು ಬಂದು ಮೊಣಕಾಲೂರಿದಾಗ ನನಗೆ ಇನ್ನೇನೂ ಬೇಕು ಅನ್ನಿಸುವುದಿಲ್ಲ. ಸಾಲ ಇದ್ದಾಗಲೂ ಹಾಗೇ ಇತ್ತು, ದರ ಬಂದಾಗಲೂ ಹಾಗೇ ಇತ್ತು. ಆ ಹೊತ್ತಿನಲ್ಲಿ ಯೇಸು ನನ್ನ ಜೊತೆ ಇದ್ದಾರೆ. ಇದನ್ನು ವಾದ ಮಾಡಿ ತೋರಿಸಲು ನನಗೆ ಬರುವುದಿಲ್ಲ. ಆದರೆ ನಾನು ನಿಂತಿರುವುದು ಅದರ ಮೇಲೆ.

ಮನೆಗೆ ಬಂದು ಯಜಮಾನರ ಜೊತೆ ಮಾತಾಡಿ ಒಂದು ಕ್ರಮ ಮಾಡಿಕೊಂಡೆವು. ಮೊದಲು ಮಾರಿದ ಚೀಲಗಳ ಹಣದಲ್ಲಿ ಸಭೆಗೆ ಕೊಡುವುದನ್ನು ಮೊದಲೇ ತೆಗೆದಿಡುವುದು. ಉಳಿದಿದ್ದರೆ ಕೊಡೋಣ ಅಂದರೆ ಯಾವ ವರ್ಷವೂ ಉಳಿಯುವುದಿಲ್ಲ. ಕೊಯ್ಲಿಗೆ ಬಂದವರಿಗೆ ಕೂಲಿಯ ಮೇಲೆ ಇನಾಮು, ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಕೊಡುವಾಗಲೇ. ತಪಸ್ಸು ಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಬರುವಷ್ಟರಲ್ಲಿ ಅರ್ಧ ಕಾಫಿ ಮಾರುವುದು, ಮಳೆಗೆ ಮುಂಚೆ ಉಳಿದದ್ದು. ಇನ್ನೂ ಏರುತ್ತದೆ ಅಂತ ಗೋಡೌನ್ ಬೀಗ ಕಾಯುವುದಿಲ್ಲ. ನಾವು ಮಾರಿದ ಮೇಲೆ ದರ ಏರಿದರೆ ನೆರೆಯವರು ಪಾಪ ಎನ್ನುತ್ತಾರೆ. ಲೆಕ್ಕದ ಪುಸ್ತಕದ ಪ್ರಕಾರ ಅವರು ಹೇಳುವುದು ಸರಿ, ನಾನೇ ಬರೆದಿದ್ದೇನಲ್ಲ. ಆದರೆ ಮಾರಿ ಬಂದ ರಾತ್ರಿ ಯಜಮಾನರು ಒಳಗೆ ಮಲಗುತ್ತಾರೆ.

ಈಗ ಸಭೆಯ ಮುಂದೆ ಇರುವುದು ಶಾಲೆ ಶುರುವಾಗುವ ಹೊತ್ತಿನ ಖರ್ಚು: ಲೈನ್ ಮನೆಗಳ ಮಕ್ಕಳಿಗೆ ನೋಟ್‌ಬುಕ್ಕು, ಬ್ಯಾಗು, ಮಲೆನಾಡಿನ ಮಳೆಗೆ ತಡೆಯುವ ಒಂದೊಂದು ಒಳ್ಳೆಯ ಕೊಡೆ. ನಿಮ್ಮ ಊರಿನ ಧರ್ಮಕೇಂದ್ರದಲ್ಲೂ ಇಂಥ ಸಭೆ ಇರಬಹುದು, ಪೂಜೆ ಮುಗಿದ ಮೇಲೆ ಒಮ್ಮೆ ವಿಚಾರಿಸಿ ನೋಡಿ. ಹಣ ಇಲ್ಲದಿದ್ದರೂ ಪರವಾಗಿಲ್ಲ, ಮನೆಗಳಿಗೆ ಜೊತೆಯಲ್ಲಿ ನಡೆಯುವವರು ಬೇಕು.