ಬ್ಯಾಡಗಿ ಟೆಂಡರ್: ನಿಮ್ಮ ಲಾಟಿಗೆ ಎಷ್ಟು ಜನ ಅಂಕಿ ಬರೆದರು?

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಖರೀದಿದಾರರು ದಲಾಲಿ ಅಂಗಡಿಗಳನ್ನು ಸುತ್ತಿ, ಕಾಯಿ ಕೈಯಲ್ಲಿ ಹಿಡಿದು ನೋಡಿ, ಲಾಟ್ (ಒಟ್ಟಿಗೆ ಮಾರುವ ಚೀಲಗಳ ಗುಂಪು) ನಂಬರಿಗೆ ತಮ್ಮ ರೇಟು ಗುರುತು ಮಾಡಿಕೊಂಡು ಆನ್‌ಲೈನ್‌ನಲ್ಲಿ ತುಂಬುತ್ತಾರೆ. ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದು. ಹೆಚ್ಚು ಬರೆದವರಿಗೆ ಲಾಟ್. ಬರೆದಷ್ಟನ್ನೇ ಅವರು ಕೊಡಬೇಕು.

ಹಾಗಾಗಿ ಇಲ್ಲಿ ಯಾವ ಖರೀದಿದಾರನೂ ತನಗೆ ಗಿಟ್ಟುವ ಪೂರ್ತಿ ಬೆಲೆ ಬರೆಯುವುದಿಲ್ಲ. ಎಷ್ಟು ಇಳಿಸಿ ಬರೆಯಬೇಕೆಂಬ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ಮಾಡಿಟ್ಟಿದ್ದಾರೆ. ಉದಾಹರಣೆಗೆ, ಒಂದು ಲಾಟ್ ಬೇರೆಬೇರೆ ಖರೀದಿದಾರರಿಗೆ ಕ್ವಿಂಟಲಿಗೆ 15,000ದಿಂದ 25,000 ರೂಪಾಯಿವರೆಗೆ ಎಷ್ಟು ಬೇಕಾದರೂ, ಎಲ್ಲಕ್ಕೂ ಸಮಾನ ಸಾಧ್ಯತೆಯಲ್ಲಿ, ಬಾಳಬಹುದು ಎಂದುಕೊಳ್ಳಿ. ಅದರಲ್ಲಿ ಒಬ್ಬನಿಗೆ ಅದು 23,000 ಬಾಳುತ್ತದೆ. ಇಬ್ಬರೇ ಸ್ಪರ್ಧೆಯಲ್ಲಿದ್ದರೆ ಅವನು 19,000 ಬರೆದರೆ ಸಾಕು. ಐದು ಜನರಿದ್ದರೆ 21,400, ಹತ್ತು ಜನರಿದ್ದರೆ 22,200. ಎರಡರಿಂದ ಐದಕ್ಕೆ ಏರಿದಾಗ 2,400 ಸಿಕ್ಕಿತು. ಐದರಿಂದ ಹತ್ತಕ್ಕೆ 800 ಮಾತ್ರ. ರೈತ ದುಡಿಯಬೇಕಾದದ್ದು ಇಬ್ಬರ ಮೇಲೆ ಬರುವ ಆ ಮೂರು ಜನರನ್ನು ತನ್ನ ಚೀಲದ ಹತ್ತಿರ ತರುವುದಕ್ಕೆ.

ಅದಕ್ಕೆ ಮೊದಲ ಕೆಲಸ ಕಾಯಿ ವಿಂಗಡಿಸುವುದು. ಬಣ್ಣ ತೆಗೆಯುವ ಕಾರ್ಖಾನೆಯವರಿಗೆ ಕಡುಗೆಂಪು ಬೇಕು, ಖಾರ ಮುಖ್ಯವಲ್ಲ. ಪುಡಿ ಮಾಡುವವರ ಲೆಕ್ಕ ಬೇರೆ. ಬಿಳಿಚಿದ ಕಾಯಿಗೂ ಕಡಿಮೆ ದರದಲ್ಲಿ ಅದರದ್ದೇ ಗಿರಾಕಿಗಳಿದ್ದಾರೆ. ಮೂರನ್ನೂ ಒಂದೇ ಚೀಲದಲ್ಲಿ ತುಂಬಿದರೆ ಮೂವರೂ ಹಿಂದೆ ಸರಿಯುತ್ತಾರೆ, ಬರೆದವರೂ ಕೆಟ್ಟ ಕಾಯಿಯ ಲೆಕ್ಕದಲ್ಲೇ ಬರೆಯುತ್ತಾರೆ. ಡಬ್ಬಿ, ಕಡ್ಡಿ ಎಂಬ ಎರಡು ತಳಿಯ ಕಾಯಿ ಬೆರೆಸುವುದಂತೂ ಬೇಡವೇ ಬೇಡ. ಮೇಲೆ ಒಳ್ಳೆಯದನ್ನಿಟ್ಟು ಕೆಳಗೆ ಬೇರೆ ತುಂಬಿದ್ದು ಒಮ್ಮೆ ಸಿಕ್ಕಿಬಿದ್ದರೆ, ಆ ಅಂಗಡಿಯ ಉಳಿದ ಲಾಟುಗಳಿಗೂ ಪೆಟ್ಟು.

ಎರಡನೆಯದು ಹಸಿ. ತೂಕ ಹೋಗುತ್ತದೆಂದು ಅರೆ ಒಣಗಿದ ಕಾಯಿ ತರುವವರು ಈ ಲೆಕ್ಕ ನೋಡಬೇಕು: ನೂರಕ್ಕೆ 18 ತೇವಾಂಶವಿರುವ 100 ಕಿಲೋ ಕಾಯಿ, ತೇವ 11ಕ್ಕೆ ಇಳಿದಾಗ ಸುಮಾರು 92 ಕಿಲೋ ಆಗುತ್ತದೆ. ಹಸಿಗೆ ಕ್ವಿಂಟಲಿಗೆ 20,000 ಸಿಗುವುದಾದರೆ, ಒಣಗಿದ್ದಕ್ಕೆ 21,700ರ ಮೇಲೆ ಸಿಕ್ಕಿದ್ದೆಲ್ಲ ಲಾಭ. ಹಸಿ ಕಾಯಿಗೆ ಬೂಸಲು ಬರುತ್ತದೆ, ಕೋಲ್ಡ್ ಸ್ಟೋರೇಜಿಗೂ ಹಾಕಲು ಬರುವುದಿಲ್ಲ. ಹಾಗಾಗಿ ಕೂಡಿಟ್ಟು ಮಾರುವ ಖರೀದಿದಾರರು ಅದನ್ನು ಮುಟ್ಟುವುದೇ ಇಲ್ಲ. ಸ್ಪರ್ಧೆಯಿಂದ ಒಂದು ಗುಂಪೇ ಹೊರಗೆ ಹೋದಂತಾಯಿತು.

ಮೂರನೆಯದು ದಿನ. ಸುಗ್ಗಿಯಲ್ಲಿ ಆವಕ ಲಕ್ಷ ಚೀಲ ದಾಟಿದ ದಿನ ಖರೀದಿದಾರನಿಗೆ ಎಲ್ಲ ಲಾಟ್ ನೋಡಲು ಕಾಲವಿರುವುದಿಲ್ಲ, ಕೈಯಲ್ಲಿನ ಹಣಕ್ಕೂ ಮಿತಿ ಇರುತ್ತದೆ. ಪೇಟೆಯಲ್ಲಿ ನೂರಾರು ಖರೀದಿದಾರರಿದ್ದರೂ ನಿಮ್ಮ ಲಾಟಿಗೆ ಬರೆದವರು ಇಬ್ಬರೇ ಇರಬಹುದು. 2024ರ ಮಾರ್ಚ್ 11ರಂದು ಬೆಲೆ ಕುಸಿದು ರೈತರ ಆಕ್ರೋಶ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬೀಳುವವರೆಗೆ ಹೋಗಿದ್ದು ಇಂಥದೇ ಭಾರೀ ಆವಕದ ಸೋಮವಾರ.

ರೇಟು ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಆದರೆ ಗಾಡಿ ಬಾಡಿಗೆ ಏರುತ್ತಿರುವಾಗ, ದಲಾಲರ ಮುಂಗಡ ತೀರದಿರುವಾಗ ಆ ಹಕ್ಕು ಕಾಗದದ ಮೇಲಷ್ಟೇ. ದಲಾಲರ ಲಾಭವನ್ನೂ ನೋಡಿ: ಕಮಿಷನ್ ನೂರಕ್ಕೆ 2 ಇದ್ದರೆ, ನಿಮಗೆ ಕ್ವಿಂಟಲಿಗೆ 1,000 ಹೆಚ್ಚು ಬಂದಾಗ ಅವರಿಗೆ ಬರುವುದು 20 ರೂಪಾಯಿ. ಇವತ್ತೇ ಮಾರಿಬಿಡಿ ಎನ್ನುವುದು ಅವರಿಗೆ ಸಹಜ. ಆದ್ದರಿಂದ ಕೆಳಗಿನ ಮಿತಿಯನ್ನು ಊರಲ್ಲೇ ಗಟ್ಟಿ ಮಾಡಿಕೊಳ್ಳಿ: ಮುಂದೆ ಸಿಗಬಹುದೆನ್ನುವ ರೇಟಿನಿಂದ ಸ್ಟೋರೇಜ್ ಬಾಡಿಗೆ, ಸಾಲದ ಬಡ್ಡಿ, ಮತ್ತೊಮ್ಮೆ ಹಮಾಲಿ ಕಳೆದು ಉಳಿದದ್ದು. ಅದಕ್ಕಿಂತ ಕಡಿಮೆ ಬಂದರೆ ಚೀಲ ಇಡಲು ಜಾಗ ಮೊದಲೇ ಗೊತ್ತು ಮಾಡಿರಬೇಕು.

ಟೆಂಡರ್ ತೆರೆದ ಮೇಲೆ ಗೆದ್ದ ರೇಟಷ್ಟೇ ಕೇಳಿ ಬರಬೇಡಿ. ಎಷ್ಟು ಜನ ಬರೆದಿದ್ದರು, ಎರಡನೆಯ ಅಂಕಿ ಎಷ್ಟಿತ್ತು ಎಂದು ದಲಾಲರನ್ನು ಕೇಳಿ. ಬರೆದವರು ಹಲವರಿದ್ದೂ ರೇಟು ಕಡಿಮೆಯಾಗಿದ್ದರೆ ಕಾಯಿಯಲ್ಲೋ ಪೇಟೆಯಲ್ಲೋ ಕಾರಣವಿದೆ. ಬರೆದವರೇ ಒಬ್ಬಿಬ್ಬರಾಗಿದ್ದರೆ, ವಾರ ವಾರವೂ ಅದೇ ಹೆಸರು ಗೆಲ್ಲುತ್ತಿದ್ದರೆ, ಮುಂದಿನ ಲಾಟ್ ಬೇರೆ ಅಂಗಡಿಯಲ್ಲಿ ಇಳಿಸಿ.